ನೀರಿನ ಋಣ ಯಾರಿಗೆ?

ಹೋದ ಬೇಸಿಗೆ ಚೆನ್ನೈನ ಕತ್ತಿರಿ ಬಿಸಿಲು ತಪ್ಪಿಸಿಕೊಳ್ಳಲು ಗೆಳೆಯರೊಡನೆ ತಲಕಾವೇರಿಗೆ ಹೋಗಿದ್ದೆ. ತಮಿಳು ಮಿತ್ರರೊಬ್ಬರು ಕುಂಡಿಕೆಗೆ ಕೈಮುಗಿದು, "ಇದು ನಿಮ್ಮದೋ, ನಮ್ಮದೋ ಸಾರ್?" ಎಂದು ನಕ್ಕರು.

ಕಾವೇರಿ ಗಲಾಟೆ ಎದ್ದಾಗಲೆಲ್ಲ ಊರಿನಿಂದ ಅಣ್ಣ ಫೋನಿನಲ್ಲಿ ಕೇಳುವುದೂ ಇದನ್ನೇ: "ನೀನೀಗ ಯಾರ ಕಡೆಯೋ?"

2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕ ತಮಿಳುನಾಡಿಗೆ 177.25 ಟಿಎಂಸಿ ಬಿಡಬೇಕೆಂದು ಪಾಲು ಹಾಕಿತು. ಪಾಲಿಗೆ ಲೆಕ್ಕವುಂಟು, ಋಣಕ್ಕೆಲ್ಲಿದೆ? 2004ರಿಂದ ವೀರಾಣಂ ಕೆರೆಯ ನೀರು ಚೆನ್ನೈಗೆ ಬರುತ್ತಿದೆ. ಆ ಕೆರೆ ತುಂಬುವುದು ಹೆಚ್ಚಾಗಿ ಕಾವೇರಿಯಿಂದಲೇ. ಬೆಳಿಗ್ಗೆ ಮನೆಯಲ್ಲಿ ಕೊಡ ಹಿಡಿಯುವಾಗ ಮಂಡ್ಯದ ಒಣಗದ್ದೆಯೂ ಕಣ್ಮುಂದೆ ಬರುತ್ತದೆ, ತಂಜಾವೂರಿನದೂ.

ಪರವೂರಿನಲ್ಲಿ ಬಾಳುವವನು ಒಂದು ಕಡೆ ಸೇರಲೇಬೇಕೆಂದಿಲ್ಲ. ಇಲ್ಲಿಯವರ ಬಾಯಾರಿಕೆಯನ್ನು ಅಲ್ಲಿ, ಅಲ್ಲಿಯವರದನ್ನು ಇಲ್ಲಿ ಹೇಳುವುದೇ ಅವನ ಧರ್ಮ. ಇಬ್ಬರಿಂದಲೂ ಬೈಸಿಕೊಂಡರೂ ಪರವಾಗಿಲ್ಲ.