ಆಧಾರವು ಅಚಲವೇ?

ಲೋಕಕ್ಕೆ ಆಧಾರವಾದುದು ಅಚಲವೇ ಆಗಿರಬೇಕೆಂದು ನಂಬುವ ತತ್ತ್ವಚಿಂತಕರು, ನಾವಿಕರಿಗೆ ಶತಮಾನಗಳಿಂದ ದಿಕ್ಕು ತೋರಿದ ಸೂಜಿಯು ಯಾವುದನ್ನು ಆಶ್ರಯಿಸಿದೆಯೆಂಬುದನ್ನು ಒಮ್ಮೆ ವಿಚಾರಿಸಬೇಕು. ಆ ಸೂಜಿಯು ಆಶ್ರಯಿಸಿರುವುದು ಭೂಮಿಯ ಕಾಂತಕ್ಷೇತ್ರವನ್ನು. ಭೂಮಿಯೊಳಗೆ ಸುಮಾರು 2,900 ಕಿಲೋಮೀಟರ್ ಆಳದ ಕೆಳಗೆ, ದ್ರವರೂಪದ ಕಬ್ಬಿಣವು ಬಿಸಿಯಾಗಿ ಮೇಲೇರುತ್ತ, ತಣಿದು ಇಳಿಯುತ್ತ, ಭೂಭ್ರಮಣದಿಂದ ಸುರುಳಿಗೊಳ್ಳುತ್ತ, ಇರುವ ಕಾಂತಕ್ಷೇತ್ರದಲ್ಲಿಯೇ ಚಲಿಸಿ ವಿದ್ಯುತ್ಪ್ರವಾಹವನ್ನು ಹುಟ್ಟಿಸುವುದು. ಆ ಪ್ರವಾಹವೇ ಮರಳಿ ಕ್ಷೇತ್ರವನ್ನು ಪೋಷಿಸುವುದು. ಚಲನೆಯು ನಿಂತುದಾದರೆ ಕ್ಷೇತ್ರವೂ ಕಾಲಕ್ರಮದಲ್ಲಿ ಕ್ಷಯಿಸಿಹೋಗುವುದು. ಇಲ್ಲಿ ಸ್ಥೈರ್ಯವೆಂಬುದು ಚಾಂಚಲ್ಯದ ಫಲವೇ ಹೊರತು ಅದರ ವಿರೋಧಿಯಲ್ಲ; ನಿತ್ಯಾನಿತ್ಯಗಳನ್ನು ಕಡಿದು ಬೇರ್ಪಡಿಸುವ ನಮ್ಮ ವಾಡಿಕೆಯು ನನಗೆ ಸಾಲದೆಂದು ತೋರುವುದು ಇದರಿಂದಲೇ. ಈ ಕ್ಷೇತ್ರದ ದಿಕ್ಕೂ ಅಚಲವಲ್ಲ. 1906ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಬ್ರೂನ್ ಎಂಬ ವಿಜ್ಞಾನಿಯು ಪ್ರಾಚೀನ ಲಾವಾಶಿಲೆಯಲ್ಲಿಯೂ, ಅದರ ತಾಪದಿಂದ ಬೆಂದ ಜೇಡಿಮಣ್ಣಿನಲ್ಲಿಯೂ ಇಂದಿನದಕ್ಕೆ ವಿಪರೀತವಾದ ಕಾಂತತ್ವವನ್ನು ಕಂಡುದಾಗಿ ಪ್ರಕಟಿಸಿದನು. ಭೂಮಿಯ ಕಾಂತಧ್ರುವಗಳು ಹೀಗೆ ಅನೇಕಾವರ್ತಿ ಅದಲುಬದಲಾಗಿವೆ. ಕಡೆಯ ಪೂರ್ಣ ಪರಿವರ್ತನೆಯು ನಡೆದುದು ಸುಮಾರು 7,80,000 ವರ್ಷಗಳ ಹಿಂದೆ.