ಶಿಕ್ಷಕರ ಅನುಮಾನಕ್ಕೆ ಎಷ್ಟು ಪುರಾವೆ ಬೇಕು?

ಮಗುವೊಂದರ ಮೇಲೆ ದೌರ್ಜನ್ಯ ನಡೆಯುತ್ತಿದೆಯೇನೋ ಎಂದು ಶಿಕ್ಷಕಿಯೊಬ್ಬರು ಬಾಯಿಬಿಟ್ಟರೆ ಸ್ಟಾಫ್‌ರೂಮಿನಲ್ಲಿ ಥಟ್ಟನೆ ಎದುರಾಗುವ ಮಾತು: 'ಖಚಿತವಾಗಿ ಗೊತ್ತಾ? ಸುಮ್ಮನೆ ಯಾಕೆ ಒಬ್ಬರ ಮೇಲೆ ಅಪವಾದ?' ಈ ಹಿಂಜರಿಕೆಯನ್ನು ಬರೀ ಪುಕ್ಕಲುತನವೆಂದು ತಳ್ಳಿಹಾಕಲಾರೆ. ಅನುಮಾನ ಸುಳ್ಳಾದರೆ ನಿರಪರಾಧಿಯೊಬ್ಬ ಊರಿನಲ್ಲಿ ತಲೆಯೆತ್ತಿ ನಡೆಯದಂತಾದೀತು. ಆದರೂ, ಖಚಿತವಾಗಲಿ ಎಂದು ಕಾಯುವುದು ಶಿಕ್ಷಕರಿಗೆ ಸಲ್ಲದು ಎಂಬುದೇ ನನ್ನ ವಾದ.

ಆ ಖಚಿತತೆ ಬರುವುದಾದರೂ ಎಲ್ಲಿಂದ? ಮುಚ್ಚಿದ ಬಾಗಿಲ ಹಿಂದೆ ನಡೆದದ್ದಕ್ಕೆ ಸಾಕ್ಷಿ ಹೇಳುವವರಿಲ್ಲ. ಕೇಂದ್ರ ಸರ್ಕಾರ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಾಗಿ ಹೇಳಿದ್ದರು. ಹೆಚ್ಚಿನವರು ಅದನ್ನು ಯಾರಿಗೂ ತಿಳಿಸಿರಲಿಲ್ಲ. ಶಿಕ್ಷಕರಿಗೆ ಸಿಗುವುದು ಕುರುಹು ಮಾತ್ರ: ಲೆಕ್ಕದಲ್ಲಿ ಮುಂದಿದ್ದವಳು ಖಾಲಿ ಹಾಳೆ ಕೊಡುತ್ತಾಳೆ, ಸಂಜೆ ಬೆಲ್ ಹೊಡೆದರೂ ಮನೆಗೆ ಹೋಗಲು ಒಲ್ಲೆನ್ನುತ್ತಾಳೆ, ಹೆಗಲು ಮುಟ್ಟಿದರೆ ಬೆಚ್ಚುತ್ತಾಳೆ. ಒಂದೊಂದಕ್ಕೂ ಬೇರೆಯೇ ಕಾರಣವಿರಬಹುದು. ಆದರೆ ಮಗು ನಿನ್ನೆ ಹೀಗಿರಲಿಲ್ಲ ಎನ್ನುವುದು ದಿನವೂ ನೋಡುವವರಿಗಷ್ಟೇ ಗೊತ್ತಾಗುವ ಸಂಗತಿ.

2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪುರಾವೆ ಕೇಳುವುದಿಲ್ಲ. ಲೈಂಗಿಕ ಅಪರಾಧ ನಡೆದದ್ದು ಗೊತ್ತಿದ್ದರೆ, ನಡೆದೀತೆಂಬ ಆತಂಕವಿದ್ದರೂ ಸಾಕು, ಪೊಲೀಸರಿಗೆ ತಿಳಿಸಬೇಕು. ಸದುದ್ದೇಶದಿಂದ ತಿಳಿಸಿದವರಿಗೆ ರಕ್ಷಣೆಯಿದೆ. ನಡೆದದ್ದನ್ನು ಮುಚ್ಚಿಟ್ಟವರಿಗೆ 6 ತಿಂಗಳವರೆಗೆ ಸೆರೆ ಅಥವಾ ದಂಡ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಶಾಲಾ ಹಾಸ್ಟೆಲೊಂದರ ಪ್ರಕರಣದಲ್ಲಿ, ವಿಷಯ ಗೊತ್ತಿದ್ದೂ ತಿಳಿಸಲಿಲ್ಲವೆಂಬ ಆರೋಪ ಹೊತ್ತ ವೈದ್ಯರ ಮೇಲಿನ ಕೇಸನ್ನು ಹೈಕೋರ್ಟ್ ರದ್ದುಮಾಡಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿತು. ಹೊಡೆತ, ಉಪವಾಸ ಮೊದಲಾದ ಹಿಂಸೆಯನ್ನು ತಿಳಿಸಲು ಮಕ್ಕಳ ಸಹಾಯವಾಣಿ 1098 ಇದೆ. ಗಮನಿಸುವುದು, ತನಿಖೆ ಮಾಡುವುದು, ತೀರ್ಪು ಕೊಡುವುದು ಮೂರು ಬೇರೆ ಬೇರೆ ಕೆಲಸ. ಪುರಾವೆ ತಾ ಎನ್ನುವ ಶಾಲೆ ಮೂರನ್ನೂ ಒಬ್ಬ ಶಿಕ್ಷಕಿಯ ಹೆಗಲಿಗೇರಿಸುತ್ತದೆ. ಆಗ ಹೆಡ್‌ಮಾಸ್ಟರ ಕೋಣೆಯಲ್ಲಿ ಮಗುವನ್ನು ನಿಲ್ಲಿಸಿ ಮತ್ತೆ ಮತ್ತೆ ಕೇಳುವುದು, ಆರೋಪಿಯನ್ನೇ ಕರೆಸಿ ರಾಜಿ ಮಾಡುವುದು ಶುರುವಾಗುತ್ತದೆ. ನಿರಪರಾಧಿಗೂ ಇದರಿಂದ ನ್ಯಾಯ ಸಿಗುವುದಿಲ್ಲ. ಪಿಸುಮಾತಿನ ವಿಚಾರಣೆ ಯಾರನ್ನೂ ದೋಷಮುಕ್ತಗೊಳಿಸಲಾರದು.

ನಿಜವಾದ ಇಕ್ಕಟ್ಟು ಬೇರೆಯೇ ಇದೆ. 'ಯಾರಿಗೂ ಹೇಳಬೇಡಿ ಮಿಸ್' ಎಂದು ಮಗು ಕೈಹಿಡಿದರೆ? ನಂಬಿ ಹೇಳಿದ್ದನ್ನು ಹೊರಗೆ ಹಾಕುವುದು ದ್ರೋಹವಲ್ಲವೇ? ಹೇಳಿದ ಮೇಲೆ ದುಡಿಯುವ ತಂದೆ ಜೈಲಿಗೆ ಹೋಗಬಹುದು, ತಾಯಿ ಮಗುವನ್ನೇ ಶಪಿಸಬಹುದು, ಕೇಸು ವರ್ಷಗಟ್ಟಲೆ ಎಳೆಯಬಹುದು. ಇವೆಲ್ಲ ಕಲ್ಪಿತ ಭಯಗಳಲ್ಲ. ಆದರೆ ಗುಟ್ಟು ಎಂಬುದು ದೌರ್ಜನ್ಯ ಮಾಡುವವನು ಮಗುವಿನ ಮೇಲೆ ಹೊರಿಸಿದ ಹೊರೆ. ಶಿಕ್ಷಕಿಯೂ ಗುಟ್ಟಿನ ಮಾತು ಕೊಟ್ಟರೆ ಅವನಿಗೇ ಅನುಕೂಲ. ಹಾಗಾಗಿ ಆ ಮಾತು ಕೊಡಬಾರದು. 'ನಿನ್ನದೇನೂ ತಪ್ಪಿಲ್ಲ. ನಿನ್ನನ್ನು ಕಾಪಾಡುವವರಿಗೆ ಮಾತ್ರ ಹೇಳುತ್ತೇನೆ' ಎಂದು ಆಗಲೇ ಹೇಳಿಬಿಡಬೇಕು. ದೂರು ಕೊಟ್ಟಲ್ಲಿಗೆ ಕೈತೊಳೆದುಕೊಳ್ಳುವಂತೆಯೂ ಇಲ್ಲ: ಮಗು ಶಾಲೆ ಬಿಡದಂತೆ, ಅದರ ಹೆಸರು ಸ್ಟಾಫ್‌ರೂಮಿನ ಹರಟೆಗೆ ಸಿಗದಂತೆ ನೋಡಿಕೊಳ್ಳಬೇಕು.

ಇಷ್ಟಕ್ಕೂ ಮಗು ಹೇಳಿಕೊಳ್ಳಲು ಬಂದರೆ ತಾನೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. 'ಎರಡೇಟು ಹೊಡೆಯದಿದ್ದರೆ ಶಿಸ್ತು ಬರುತ್ತದೆಯೇ' ಎನ್ನುವವರು ಇಂದಿಗೂ ಇದ್ದಾರೆ. ಹೋಂವರ್ಕಿಗೆ ಕೋಲೆತ್ತಿದ ಮೇಷ್ಟ್ರಿಗೆ ಬೆನ್ನಿನ ಬಾಸುಂಡೆ ತೋರಿಸಲು ಯಾವ ಹುಡುಗ ಬಂದಾನು, ಅವರು ಉತ್ತರಿಸಲಿ.