ನಮ್ಮ ರಜೆಯಲ್ಲಿ ದುಡಿಯುವವರು

ಹೊರನಾಡಿನಲ್ಲಿ ಇರುವವರ ಆಸ್ತಿ ಏನು ಅಂತ ಕೇಳಿದರೆ ಜನ ಫ್ಲ್ಯಾಟು, ಕಾರು, ಪಿಎಫ್ ಅಂತ ಲೆಕ್ಕ ಹೇಳುತ್ತಾರೆ. ನನ್ನನ್ನು ಕೇಳಿದರೆ ನಮ್ಮ ನಿಜವಾದ ಆಸ್ತಿ ರಜೆ. ವರ್ಷಕ್ಕೆ ಇಪ್ಪತ್ತೋ ಇಪ್ಪತ್ತೈದೋ ದಿನ. ಮದುವೆ, ಮುಂಜಿ, ತಿಥಿ, ಅಪ್ಪನ ಕಣ್ಣಿನ ಆಪರೇಶನ್ನು ಅಂತ ಅದನ್ನು ಹಂಚುವಷ್ಟರಲ್ಲಿ ಡಿಸೆಂಬರ್ ಬಂದಿರುತ್ತದೆ. ಊರಿನಲ್ಲಿರುವ ನಿಮಗೆ ಇದು ಅಷ್ಟಾಗಿ ಗೊತ್ತಾಗಲಿಕ್ಕಿಲ್ಲ. ನೀವು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆಯೇ "ಈ ಸಲ ಯಾವಾಗ ಬರ್ತೀರಿ?" ಅಂತ ಅಲ್ಲವೇ?

ಗುಜರಾತಿನಲ್ಲಿ ಇರುವ ನಮಗೆ ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ. ಇಲ್ಲಿಯವರಿಗೆ ತಿರುಗಾಟ ಅಂದರೆ ಪ್ರಾಣ. "ಫರವಾ ಜವಾನುಂ" ಅಂತ ಒಬ್ಬರು ಎತ್ತಿದರೆ ಸಾಕು, ಇಡೀ ಸೊಸೈಟಿ ಹೊರಟು ನಿಲ್ಲುತ್ತದೆ. ದೀಪಾವಳಿ ಮರುದಿನ ಅಹಮದಾಬಾದಿನ ಅರ್ಧ ಅಪಾರ್ಟ್‌ಮೆಂಟುಗಳಿಗೆ ಬೀಗ. ಮೊದಲು ಆಬು, ಶ್ರೀನಾಥಜಿ, ಕುಲು-ಮನಾಲಿ ಇತ್ತು. ಆಮೇಲೆ ಸಿಂಗಾಪುರ, ದುಬೈ ಬಂತು. ಈಗ ಕೆಲವು ವರ್ಷಗಳಿಂದ ಕ್ರೂಸ್. ಮುಂಬಯಿಯಿಂದ ಗೋವಾ, ಲಕ್ಷದ್ವೀಪದ ಕಡೆಗೆ 2021ರ ಸೆಪ್ಟೆಂಬರಿನಿಂದ ಕಾರ್ಡೀಲಿಯಾದ ಹಡಗು ಓಡುತ್ತಿದೆ. ಮುಂಬಯಿ ಬಂದರಿನ ಹೊಸ ಕ್ರೂಸ್ ಟರ್ಮಿನಲ್ ಉದ್ಘಾಟನೆ 2025ರ ಸೆಪ್ಟೆಂಬರಿನಲ್ಲಿ ನಡೆದದ್ದೂ ಗುಜರಾತಿನ ಭಾವನಗರದ ಸಮಾರಂಭದಿಂದಲೇ. ನಮ್ಮ ಕನ್ನಡದವರೂ ನೆರೆಹೊರೆಯವರ ಜೊತೆ ಹೆಸರು ಬರೆಸುತ್ತಿದ್ದಾರೆ. ಹಿರಿಯರೊಬ್ಬರು ಇದನ್ನು ಕೇಳಿ, "ಊರಿಗೆ ಹೋಗಲಿಕ್ಕೆ ರಜೆ ಇಲ್ಲ, ಹಡಗು ಹತ್ತಲಿಕ್ಕೆ ಉಂಟಾ?" ಅಂದರು. ಆ ಮಾತನ್ನು ತಮಾಷೆ ಅಂತ ಬಿಡಲು ನನಗೆ ಆಗಲಿಲ್ಲ. ಅದಕ್ಕೇ ಈ ಬರಹ.

ಮೊದಲು ಹೋಗುವವರಿಗೆ ನಾಲ್ಕು ಉಪಯೋಗದ ಮಾತು ಹೇಳಿಬಿಡುತ್ತೇನೆ. ನಾನು ಹೋಗಿ ಬಂದವನು.

ಜಾಹೀರಾತಿನ ದರ ನೋಡಿ ಬಜೆಟ್ ಹಾಕಬೇಡಿ. ಅದರ ಮೇಲೆ ಬಂದರಿನ ಶುಲ್ಕ, ಸೇವಾಶುಲ್ಕ, ಜಿಎಸ್‌ಟಿ ಕೂಡುತ್ತವೆ. ಒಟ್ಟು ಎಷ್ಟು ಅಂತ ಕೇಳಿಯೇ ಹಣ ಕಟ್ಟಿ. ಊಟ ದರದಲ್ಲೇ ಸೇರಿರುತ್ತದೆ. ಪಾನೀಯ, ಇಂಟರ್ನೆಟ್, ದಡದ ತಿರುಗಾಟ ಸಾಮಾನ್ಯವಾಗಿ ಸೇರಿರುವುದಿಲ್ಲ. ಗುಜರಾತಿನಲ್ಲಿ ಪಾನನಿಷೇಧ ಇರುವುದರಿಂದ ಕೆಲವರಿಗೆ ಹಡಗು ಅಂದರೆ ಬಾರು, ಅಷ್ಟೆ. ಅಂಥವರ ಬಿಲ್ಲು ಟಿಕೇಟಿಗಿಂತ ಎತ್ತರ ಬೆಳೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ವಾಂತಿ, ತಲೆಸುತ್ತಿನ ಭಯ ಇರುವವರು ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನ ಕೋಣೆ ತಗೊಳ್ಳಿ. ಅಲ್ಲಿ ತೂಗಾಟ ಕಡಿಮೆ. ಮಾತ್ರೆ ಬೇಕಾದರೆ ಡಾಕ್ಟರನ್ನು ಕೇಳಿ ಮೊದಲೇ ಇಟ್ಟುಕೊಳ್ಳಿ, ತಲೆ ತಿರುಗಿದ ಮೇಲೆ ನುಂಗಿದರೆ ಅಷ್ಟು ಪ್ರಯೋಜನವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಕಡಲು ಹೇಗಿರುತ್ತದೆ ಅಂತ ಮಲ್ಪೆಯವರಿಗೆ, ಕಾರವಾರದವರಿಗೆ ನಾನು ಹೇಳಬೇಕಾಗಿಲ್ಲ. ಕಿಟಕಿ ಇಲ್ಲದ ಒಳಕೋಣೆ ಅಗ್ಗ. ಮಲಗಲಿಕ್ಕೆ ಮಾತ್ರ ಕೋಣೆಗೆ ಬರುವವರಾದರೆ ಅದೇ ಸಾಕು. ಅಹಮದಾಬಾದ್, ವಡೋದರಾ, ಸೂರತ್‌ನಿಂದ ಹೋಗುವವರು ಹಿಂದಿನ ದಿನವೇ ಮುಂಬಯಿ ಸೇರುವುದು ಒಳ್ಳೆಯದು. ರೈಲು ತಡವಾದರೆ ಹಡಗು ಕಾಯುವುದಿಲ್ಲ. ಔಷಧಿ, ಗುರುತಿನ ಚೀಟಿ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆ ಕೋಣೆಗೆ ಬರುವಾಗ ಸಂಜೆಯಾದೀತು. ಇನ್ನು ಠೇಪ್ಲಾ, ಖಾಖ್ರಾ ಡಬ್ಬಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಅನ್ನುವ ನಿಯಮ ಸಾಮಾನ್ಯವಾಗಿ ಇರುತ್ತದೆ. ಆದರೂ ಪ್ರತಿ ಗುಜರಾತಿ ಚೀಲದಲ್ಲೂ ಒಂದು ಡಬ್ಬಿ ಇರುತ್ತದೆ! ಅಗತ್ಯ ಏನೂ ಇಲ್ಲ ಬಿಡಿ, ಜೈನ ಊಟವನ್ನೂ ಬೇರೆಯಾಗಿಯೇ ಮಾಡಿ ಬಡಿಸುತ್ತಾರೆ.

ಈ ಊಟದ ಮಾತಿನಿಂದಲೇ ನನ್ನ ಯೋಚನೆ ಹಿಂದಕ್ಕೆ ಹೋಯಿತು. ಕಡಲು ದಾಟುವುದೇ ಪಾಪ ಅಂತಿದ್ದ ನಾಡು ಇದು. ಸೂರತ್‌ನಲ್ಲಿ ಹುಟ್ಟಿದ ಮಹೀಪತ್‌ರಾಮ್ ರೂಪರಾಮ್ 1860ರಲ್ಲಿ ಇಂಗ್ಲೆಂಡಿಗೆ ಹೋಗಿ ಬಂದಾಗ ನಾಗರ ಬ್ರಾಹ್ಮಣ ಸಮಾಜ ಅವರನ್ನು ಜಾತಿಯಿಂದ ಹೊರಗಿಟ್ಟಿತು. ಅಹಮದಾಬಾದಿನಲ್ಲಿ ಅನಾಥ ಮಕ್ಕಳ ಆಶ್ರಮ ಇಂದಿಗೂ ಅವರ ಹೆಸರಿನಲ್ಲಿದೆ. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗು ಹತ್ತಿದ ಗಾಂಧೀಜಿಗೆ ಆಗ ಹತ್ತೊಂಬತ್ತು ತುಂಬಿರಲಿಲ್ಲ. ಅವರ ಜಾತಿಯ ಪಂಚಾಯತಿ ಬಹಿಷ್ಕಾರ ಹಾಕಿದ್ದಷ್ಟೇ ಅಲ್ಲ, ಕಳಿಸಿಕೊಡಲು ಬಂದರಿಗೆ ಹೋದವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡ ಅಂತ ಸಾರಿತು. ಹಡಗಿನಲ್ಲಿ ಯಾವುದರಲ್ಲಿ ಮಾಂಸ ಇಲ್ಲ ಅಂತ ಕೇಳಲೂ ನಾಚಿಕೊಂಡು, ಮನೆಯಿಂದ ತಂದ ಸಿಹಿತಿಂಡಿ, ಹಣ್ಣು ತಿಂದೇ ದಿನ ಕಳೆದೆ ಅಂತ ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ನಮ್ಮ ಕಡೆಯದ್ದೂ ಬೇರೆ ಕಥೆಯಲ್ಲ. ಉಡುಪಿಯ ಕೃಷ್ಣ ಬಂದದ್ದೇ ಗುಜರಾತಿನ ದ್ವಾರಕೆಯಿಂದ, ಹಡಗಿನಲ್ಲಿ, ಗೋಪಿಚಂದನದ ಗಡ್ಡೆಯೊಳಗೆ ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ಅಂಥ ದೇವರ ಊರಿನಲ್ಲೇ, ವಿದೇಶಕ್ಕೆ ಹೋಗಿ ಬಂದ ಪುತ್ತಿಗೆ ಶ್ರೀಗಳು ಮೂರ್ತಿಯನ್ನು ಮುಟ್ಟಿ ಪೂಜಿಸಬಹುದೇ ಅಂತ 2008ರ ಪರ್ಯಾಯದ ಹೊತ್ತಿಗೆ ದೊಡ್ಡ ವಿವಾದ ಎದ್ದಿತು. 2024ರಲ್ಲಿ ಅವರದೇ ಪರ್ಯಾಯ ಮತ್ತೆ ಬಂತು.

ಈ ಎಲ್ಲ ಗಲಾಟೆಯಲ್ಲಿ ನನಗೆ ಸೋಜಿಗ ಅನಿಸುವುದು ಒಂದೇ ವಿಷಯ. ಕಡಲು ದಾಟಿದವನು ಏನು ತಿಂದ, ಯಾರ ಜೊತೆ ತಿಂದ ಅಂತ ಎಲ್ಲರೂ ಕೇಳಿದರು. ಹಡಗನ್ನು ನಡೆಸಿದವರು ಯಾರು ಅಂತ ಯಾರೂ ಕೇಳಲಿಲ್ಲ. ಆ ಕಾಲದ ಮುಂಬಯಿ-ಇಂಗ್ಲೆಂಡ್ ಹಡಗುಗಳ ಅಟ್ಟದ ಮೇಲೆ ಹಗ್ಗ ಎಳೆಯುತ್ತಿದ್ದ ಲಸ್ಕರರಲ್ಲಿ ಗುಜರಾತ್, ಕೊಂಕಣ ಕರಾವಳಿಯವರು ಇದ್ದರು. ಊಟ ಬಡಿಸುತ್ತಿದ್ದವರಲ್ಲಿ ಬಹಳ ಮಂದಿ ಗೋವಾದವರು. ಅವರು ಆ ಕಡಲನ್ನು ಎಷ್ಟು ಸಲ ದಾಟಿದರೋ! ಮಲ್ಪೆಯ ಹತ್ತಿರ ಕಷ್ಟಕ್ಕೆ ಸಿಕ್ಕ ಹಡಗಿನವನಿಗೂ, ನಾವು ಕೇಳಿದ ಕಥೆಯಲ್ಲಿ ಹೆಸರೇ ಇಲ್ಲ. ಪ್ರಯಾಣಿಕನಿಗೆ ಪಾಪ, ಪುಣ್ಯ, ಪ್ರಾಯಶ್ಚಿತ್ತ ಎಲ್ಲ ಇತ್ತು. ದುಡಿಯುವವನಿಗೆ ಬರೀ ದುಡಿಮೆ.

ಈಗಿನ ಕ್ರೂಸಿನಲ್ಲಿಯೂ ಇದು ಬದಲಾಗಿದೆ ಅಂತ ನನಗೆ ಅನಿಸುವುದಿಲ್ಲ. ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ಹುಡುಗ ಕುಂದಾಪುರದ ಕಡೆಯವನು. ನಾನೂ ನನ್ನ ಹೆಂಡತಿಯೂ ಕನ್ನಡದಲ್ಲಿ ಮಾತಾಡುವುದು ಕೇಳಿ ಬಾಗಿಲಲ್ಲೇ ನಿಂತ.

"ಎಷ್ಟು ದಿನ ಆಯ್ತು ಮಾರಾಯಾ ಮನೆ ಬಿಟ್ಟು?" ಅಂದೆ.

"ಒಂಬತ್ತು ತಿಂಗಳ ಕಾಂಟ್ರಾಕ್ಟ್ ಸರ್. ಏಳು ಆಯ್ತು. ತಂಗಿ ಮದುವೆ ವಿಡಿಯೋ ಕಾಲ್‌ನಲ್ಲೇ ನೋಡಿದ್ದು."

"ಬೇಜಾರಾಗುದಿಲ್ವಾ?"

"ಬೇಜಾರು ಮಾಡ್ಲಿಕ್ಕೆ ಟೈಮ್ ಬೇಕಲ್ಲ ಸರ್. ಸಂಬಳ ಊರಿಗಿಂತ ಅಡ್ಡಿಲ್ಲ."

ರಜೆ ಸಿಕ್ಕಿದರೆ ಎಲ್ಲಿಗೆ ಹೋಗುತ್ತೀಯಾ ಅಂತ ನನ್ನ ಹೆಂಡತಿ ಕೇಳಿದಳು. ಅವನು ನಕ್ಕ. "ಮನೆಗೇ ಅಮ್ಮಾ, ಮತ್ತೆಲ್ಲಿಗೆ? ಎರಡು ತಿಂಗಳು ನಾನು ಹಾಸಿಗೆ ಮಡಚುದಿಲ್ಲ, ತಟ್ಟೆ ಎತ್ತುದಿಲ್ಲ ಅಂತ ಅಮ್ಮನಿಗೆ ಮೊದಲೇ ಹೇಳಿಟ್ಟಿದ್ದೇನೆ."

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ಕಡಲ ಕಾರ್ಮಿಕರ ಒಪ್ಪಂದವನ್ನು ಭಾರತ 2015ರಲ್ಲಿ ಒಪ್ಪಿತು. ಹಡಗಿನ ಸಿಬ್ಬಂದಿಗೆ ದಿನದ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು ಅನ್ನುವುದು ಅದರ ಒಂದು ಅಳತೆ. ಅದೊಂದು ರಕ್ಷಣೆ, ನಿಜ. ಅದನ್ನೇ ತಿರುಗಿಸಿ ಓದಿದರೆ ಕೆಲಸ ಎಷ್ಟು ಉದ್ದ ಇರಬಹುದು ಅನ್ನುವುದೂ ತಿಳಿಯುತ್ತದೆ. 2020ರಲ್ಲಿ ಕೊರೋನಾ ಬಂದಾಗ ಜಗತ್ತಿನ ಕ್ರೂಸ್ ಪ್ರಯಾಣಿಕರನ್ನು ಹೇಗೋ ಮನೆ ಸೇರಿಸಿದರು. ಸಾವಿರಾರು ಸಿಬ್ಬಂದಿ ಮಾತ್ರ ದಡ ಕಾಣುತ್ತಲೇ ಹಡಗಿನಲ್ಲಿ ಉಳಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಸೂರತ್‌ನ ಮಗ್ಗಗಳ ಒಡಿಶಾದ ಕಾರ್ಮಿಕರು "ನಮ್ಮನ್ನು ಊರಿಗೆ ಕಳಿಸಿ" ಅಂತ ಬೀದಿಗೆ ಇಳಿದಿದ್ದರು. ನೀರಿನ ಮೇಲಿರಲಿ, ನೆಲದ ಮೇಲಿರಲಿ, ಪರಸ್ಥಳದಲ್ಲಿ ದುಡಿಯುವವನ ಕೊನೆಯ ಬೇಡಿಕೆ ಇಷ್ಟೇ.

ಹಾಗಾದರೆ ಕ್ರೂಸಿಗೆ ಹೋಗುವುದು ತಪ್ಪೇ, ರಜೆಯೆಲ್ಲ ಊರಿಗೇ ಸಲ್ಲಬೇಕೇ? ಆ ಹಿರಿಯರ ಪರವಾಗಿ ಒಂದು ಲೆಕ್ಕ ಹೇಳುತ್ತೇನೆ. ಊರಿನಲ್ಲಿ ಅಪ್ಪ ಅಮ್ಮನಿಗೆ ಎಪ್ಪತ್ತೈದು. ನಾವು ವರ್ಷಕ್ಕೆ ಒಮ್ಮೆ ಹತ್ತು ದಿನ ಹೋಗುತ್ತೇವೆ. ದೇವರು ಅವರಿಗೆ ಇನ್ನೂ ಹತ್ತು ವರ್ಷ ಆಯುಸ್ಸು ಕೊಟ್ಟರೂ ನಮಗೆ ಉಳಿದಿರುವುದು ಹತ್ತು ವರ್ಷವಲ್ಲ, ನೂರು ದಿನ. ಅದರಲ್ಲಿ ಹಡಗಿಗೆ ಐದು ದಿನ ಕಳೆದರೆ ತೊಂಬತ್ತೈದು. ಈ ಲೆಕ್ಕ ಎದೆಗೆ ನಾಟುವಂಥದ್ದು. ಇದಕ್ಕೆ ಜಾಣತನದ ಉತ್ತರ ನನ್ನಲ್ಲಿಲ್ಲ.

ಆದರೆ ಸೂರತ್‌ನಲ್ಲಿರುವ ನಮ್ಮ ಪರಿಚಯದ ಹೆಣ್ಣುಮಗಳೊಬ್ಬಳು ಇನ್ನೊಂದು ಲೆಕ್ಕ ಹೇಳಿದಳು. "ಅಣ್ಣಾ, ಊರಿಗೆ ಹೋಗೋದು ರಜೆ ಅಂತ ನೀವು ಗಂಡಸರು ಹೇಳ್ತೀರಿ. ನೀವು ಜಗಲಿ ಮೇಲೆ ಕೂತು ಕಾಫಿ ಕುಡೀತೀರಿ. ನನಗೆ ಇಲ್ಲಿ ನಾಲ್ಕು ಜನರ ಅಡುಗೆ, ಅಲ್ಲಿ ಹದಿನಾಲ್ಕು ಜನರದ್ದು. ಹಡಗಿನಲ್ಲಿ ಮೂರು ದಿನ ನಾಳೆ ತಿಂಡಿಗೆ ಏನು ಅಂತ ಯಾರೂ ನನ್ನನ್ನ ಕೇಳಲಿಲ್ಲ. ಮದುವೆ ಆದ ಮೇಲೆ ಅದೇ ಮೊದಲು." ಈ ಮಾತು ಕೇಳಿದ ಮೇಲೆ, ಊರಿಗೆ ಹೋಗುವುದು ಕರ್ತವ್ಯ, ಕ್ರೂಸು ಭೋಗ ಅಂತ ಎರಡು ಗೆರೆ ಎಳೆದು ಕೂರಲು ಸಾಧ್ಯವಿಲ್ಲ. ಒಂದೇ ಮನೆಯೊಳಗೆ ಊರು ಒಬ್ಬರಿಗೆ ವಿಶ್ರಾಂತಿ, ಇನ್ನೊಬ್ಬರಿಗೆ ಪಾಳಿ.

ಆದ್ದರಿಂದ ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆಗಿಂತ ಮುಂಚೆ ಇನ್ನೊಂದನ್ನು ಕೇಳಿಕೊಳ್ಳಬೇಕು ಅಂತ ನನಗೆ ಅನಿಸುತ್ತದೆ. ನಮ್ಮ ರಜೆಯಲ್ಲಿ ದುಡಿಯುವವರು ಯಾರು? ಅವರಿಗೆ ರಜೆ ಯಾವಾಗ? ರಜೆ ಪುಕ್ಕಟೆ ಸಿಗುವ ವಸ್ತುವಲ್ಲ. ನಾನು ಕೂತರೆ ಇನ್ನೊಬ್ಬರು ನಿಂತಿರುತ್ತಾರೆ. ಹಡಗಿನಲ್ಲಿ ಅವರು ಯೂನಿಫಾರ್ಮ್ ಹಾಕಿಕೊಂಡಿರುತ್ತಾರೆ, ಅದಕ್ಕೇ ಕಾಣುತ್ತಾರೆ. ಮನೆಯಲ್ಲಿ ಸೆರಗು ಸಿಕ್ಕಿಸಿಕೊಂಡಿರುತ್ತಾರೆ, ಅದಕ್ಕೇ ಕಾಣುವುದಿಲ್ಲ.

ಎಲ್ಲರಿಗೂ ಒಟ್ಟಿಗೆ ಸಿಗುವ ರಜೆಯೂ ಇದೆ. ಸೂರತ್‌ನ ವಜ್ರದ ಕಾರ್ಖಾನೆಗಳು ದೀಪಾವಳಿಗೆ ಬಾಗಿಲು ಹಾಕುತ್ತವೆ, ಸೇಠನಿಗೂ ಹರಳು ಉಜ್ಜುವವನಿಗೂ ಒಂದೇ ಸಲ ಬಿಡುವು. ಅವರಲ್ಲಿ ಬಹಳ ಮಂದಿ ಸೌರಾಷ್ಟ್ರದವರು. ರಸ್ತೆಯಲ್ಲಿ ಖಂಭಾತ ಕೊಲ್ಲಿಯನ್ನು ಸುತ್ತಿ 370 ಕಿಲೋಮೀಟರ್ ಹೋಗಬೇಕಾದಲ್ಲಿ, 2020ರ ನವೆಂಬರಿನಲ್ಲಿ ಶುರುವಾದ ಹಜೀರಾ-ಘೋಘಾ ಹಡಗಿನ ದಾರಿ ಸುಮಾರು 90 ಕಿಲೋಮೀಟರ್. ಬೈಕು, ಕಾರು, ಗಂಟುಮೂಟೆ ಸಮೇತ ಊರಿಗೆ ಹೋಗುವ ಹಡಗು ಅದು. ಕ್ರೂಸು ಹತ್ತಿದಲ್ಲಿಗೇ ತಂದು ಇಳಿಸುತ್ತದೆ, ಇದು ಅಮ್ಮನ ಮನೆಯ ಹತ್ತಿರ ಇಳಿಸುತ್ತದೆ. ನಮ್ಮಂಥವರಿಗೆ ಬೇಕಾದದ್ದು ಎರಡೂ. ಯಾವುದನ್ನು ಯಾವಾಗ ಹತ್ತಬೇಕು ಅನ್ನುವುದೇ ವಿವೇಕ.

ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಕ್ರೂಸಿಗೆ ಹೋಗುವುದಾದರೆ ಊರಿಗೆ ನೇರವಾಗಿ ಹೇಳಿ ಹೋಗಿ. "ಆಫೀಸಿನ ಕೆಲಸ" ಅಂತ ಸುಳ್ಳು ಹೇಳಿ ಕಡಲ ಮೇಲೆ ಫೋಟೋ ತೆಗೆಸಿಕೊಳ್ಳುವುದಿದೆಯಲ್ಲ, ಅಪ್ಪ ಅಮ್ಮನಿಗೆ ನೋವಾಗುವುದು ಅದರಿಂದ, ಐದು ದಿನ ಕಮ್ಮಿಯಾದದ್ದರಿಂದ ಅಲ್ಲ. ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಹೋಗಿ. ಲಿಫ್ಟು, ಡಾಕ್ಟರು ಇರುವ ಹಡಗು ಮುದುಕರಿಗೆ ಬೆಟ್ಟದ ಊರಿಗಿಂತ ಅನುಕೂಲ. ಬರುವುದಿಲ್ಲ ಅಂದರೆ ಒತ್ತಾಯ ಬೇಡ, ಅವರಿಗೆ ಬೇಕಾದದ್ದು ಕಡಲಲ್ಲ, ಜಗಲಿಯಲ್ಲಿ ನಾವು. ಹಡಗಿನಲ್ಲಿ ಕೋಣೆಯ ಹುಡುಗನ ಹೆಸರು ಕೇಳಿ ಕರೆಯಿರಿ. ಬಿಲ್ಲಿನಲ್ಲಿ ಸೇವಾಶುಲ್ಕ ಇದ್ದರೂ ಇಳಿಯುವಾಗ ಕೈಲಾದಷ್ಟು ಕೊಡಿ. ನಾಲ್ಕು ಜನರ ಮುಂದೆ ದಾನದ ಹಾಗೆ ಬೇಡ, ಕೈಯಲ್ಲಿ ಕೊಟ್ಟು ನಮಸ್ಕಾರ ಹೇಳಿ. ಪುಕ್ಕಟೆ ಅಂತ ತಟ್ಟೆ ತುಂಬಿಸಿ ಬಿಸಾಡಬೇಡಿ, ಅದನ್ನು ಬಳಿಯುವವನಿಗೂ ಹೊಟ್ಟೆ ಇದೆ. ಊರಿಗೆ ಹೋದಾಗಲೂ ಇದೇ ನಿಯಮ ಇರಲಿ. ಗಂಡಸರು ಎರಡು ದಿನವಾದರೂ ಅಡುಗೆಮನೆಗೆ ಇಳಿಯಲಿ, ಬರದಿದ್ದರೆ ಹೋಟೆಲಿನಿಂದ ಇಡ್ಲಿ ತರಲಿ.

ಆ ಕುಂದಾಪುರದ ಹುಡುಗನಿಗೆ ಎರಡು ತಿಂಗಳು ಹಾಸಿಗೆ ಹಾಸಿ ಕೊಡುವ ಅಮ್ಮ ಇದ್ದಾರೆ. ಅವನಿಗೆ ಅದು ಸಲ್ಲಬೇಕಾದದ್ದೇ, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಆ ಅಮ್ಮನಿಗೆ ಯಾವ ಕಂಪನಿ ರಜೆ ಕೊಟ್ಟಿದೆ? ಹೊರನಾಡಿನಲ್ಲಿ ಕೂತು ರಜೆಯ ಲೆಕ್ಕ ಹಾಕುವ ನಾವೂ, ಬರುತ್ತಾರೆ ಅಂತ ದಿನ ಎಣಿಸುವ ನೀವೂ, ಆ ಒಂದು ಹೆಸರನ್ನು ಪಟ್ಟಿಗೆ ಸೇರಿಸಿಕೊಂಡರೆ ಉಳಿದ ಲೆಕ್ಕ ತಾನಾಗಿ ಸರಿಹೋದೀತು.